ಮೊಡವೆಗೆ ಮೂರು ತಿಂಗಳು ಕೊಡಿ

ಮೊಡವೆಗೆಂದು ಚರ್ಮದ ಡಾಕ್ಟರಾದ ನನ್ನ ಬಳಿ ಬಂದವರು ಬಹುತೇಕ ಮೊದಲು ಕೇಳುವುದು ಒಂದೇ ಪ್ರಶ್ನೆ. "ಎಷ್ಟು ದಿನಕ್ಕೆ ಹೋಗುತ್ತೆ ಮೇಡಂ?" ಮುಂದಿನ ತಿಂಗಳು ಅಕ್ಕನ ಮದುವೆ ಇರುತ್ತದೆ, ಇಲ್ಲವೇ ಇಂಟರ್‌ವ್ಯೂ ಇರುತ್ತದೆ. ಅವಸರ ನನಗೆ ಅರ್ಥವಾಗುತ್ತದೆ. ಆದರೂ ನನ್ನ ಉತ್ತರ ಬದಲಾಗುವುದಿಲ್ಲ: ಎಂಟರಿಂದ ಹನ್ನೆರಡು ವಾರ. ಕೇಳಿದವರ ಮುಖ ಸಪ್ಪಗಾಗುತ್ತದೆ. ಇಷ್ಟು ದಿನ ಯಾಕೆ ಬೇಕು ಅನ್ನುವುದು ಗೊತ್ತಾಗದಿದ್ದರೆ ಹೆಚ್ಚಿನವರು ಮೂರನೇ ವಾರಕ್ಕೇ ಔಷಧ ಬಿಟ್ಟು, ಬೇಗ ಗುಣ ಮಾಡುವ ಇನ್ನೊಂದು ಟ್ಯೂಬ್ ಹುಡುಕಿಕೊಂಡು ಹೋಗುತ್ತಾರೆ. ನಾನು ದಿನವೂ ನೋಡುವ ಕೆಟ್ಟುಹೋದ ಚರ್ಮಗಳ ಕಥೆ ಹೆಚ್ಚಾಗಿ ಅಲ್ಲಿಂದಲೇ ಶುರುವಾಗುತ್ತದೆ.

ಮುಖ, ಎದೆ, ಬೆನ್ನಿನ ಚರ್ಮದಲ್ಲಿ ಕೂದಲ ಬುಡಕ್ಕೆ ಅಂಟಿಕೊಂಡಂತೆ ಎಣ್ಣೆ ಗ್ರಂಥಿಗಳಿವೆ. ಹರೆಯ ಬಂದಾಗ ಆಂಡ್ರೊಜನ್ ಹಾರ್ಮೋನು ಹೆಚ್ಚುತ್ತದೆ, ಹುಡುಗರಲ್ಲೂ ಹುಡುಗಿಯರಲ್ಲೂ. ಗ್ರಂಥಿ ಜಾಸ್ತಿ ಜಿಡ್ಡು ಸುರಿಸುತ್ತದೆ. ಅದೇ ಹೊತ್ತಿಗೆ ರಂಧ್ರದ ಒಳಗೋಡೆಯ ಸತ್ತ ಕೋಶಗಳು ಉದುರಿ ಹೋಗದೆ ಒಂದಕ್ಕೊಂದು ಅಂಟಿ ಬಾಯಿ ಕಟ್ಟುತ್ತವೆ. ಒಳಗೆ ಸಿಕ್ಕಿಬಿದ್ದ ಜಿಡ್ಡಿನಲ್ಲಿ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಹೆಚ್ಚುತ್ತದೆ. ಅದು ಆರೋಗ್ಯವಂತರ ಚರ್ಮದಲ್ಲೂ ಇರುವಂಥದ್ದೇ. ದೇಹ ಅದರ ಮೇಲೆ ತಿರುಗಿಬಿದ್ದಾಗ ಕೆಂಪು, ಊತ, ಕೀವು ಕಾಣಿಸುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ರಂಧ್ರ ಕಟ್ಟಿಕೊಳ್ಳುವುದು ಕಣ್ಣಿಗೆ ಕಾಣುವ ಎಷ್ಟೋ ವಾರ ಮೊದಲೇ ಶುರುವಾಗಿರುತ್ತದೆ. ಇವತ್ತು ಕನ್ನಡಿಯಲ್ಲಿ ಕಂಡ ಮೊಡವೆ ಸುಮಾರು ಎರಡು ತಿಂಗಳ ಹಿಂದೆ ಹುಟ್ಟಿದ್ದಿರಬಹುದು. ಹಾಗಾಗಿ ಇವತ್ತು ಹಚ್ಚುವ ಔಷಧ ಹೆಚ್ಚಾಗಿ ಮುಂದಿನ ತಿಂಗಳು ಏಳಬೇಕಾಗಿದ್ದ ಮೊಡವೆಗಳನ್ನು ತಡೆಯುತ್ತದೆ. ಎದ್ದ ಮೊಡವೆಯ ತಲೆಯ ಮೇಲಷ್ಟೇ ಚುಕ್ಕಿ ಇಟ್ಟರೆ ಸಾಲದು. ಮೊಡವೆ ಏಳುವ ಇಡೀ ಜಾಗಕ್ಕೆ, ಈಗ ನುಣ್ಣಗೆ ಕಾಣುವ ಕಡೆಗೂ ತೆಳ್ಳಗೆ ಹಚ್ಚಬೇಕು.

ಇನ್ನೊಂದು ತಪ್ಪು ತಿಳಿವಳಿಕೆ ಕೊಳೆಯದು. ಮೂಗಿನ ಮೇಲಿನ ಕಪ್ಪು ಚುಕ್ಕಿಗಳು, ಅಂದರೆ ಬ್ಲ್ಯಾಕ್‌ಹೆಡ್‌ಗಳು, ಕೊಳೆಯಿಂದ ಕಪ್ಪಾಗಿರುವುದಿಲ್ಲ. ಜಿಡ್ಡು ಗಾಳಿಗೆ ತೆರೆದುಕೊಂಡದ್ದರಿಂದ ಮತ್ತು ಚರ್ಮದ್ದೇ ಬಣ್ಣವಾದ ಮೆಲನಿನ್‌ನಿಂದ ಆ ಬಣ್ಣ ಬಂದಿರುತ್ತದೆ. ಅದನ್ನು ಸ್ಕ್ರಬ್ ಹಾಕಿ ಉಜ್ಜಿದರೆ ಹೋಗುವುದಿಲ್ಲ. ಉಜ್ಜಿ ಉಜ್ಜಿ ಚರ್ಮ ಕೆರಳುತ್ತದೆ, ಇರುವ ಮೊಡವೆ ಇನ್ನಷ್ಟು ಕೆಂಪಾಗುತ್ತದೆ. ದಿನಕ್ಕೆ ಎರಡು ಸಲ ಮುಖ ತೊಳೆದರೆ ಸಾಕು. ಬೆವರು ಜಾಸ್ತಿ ಬಂದ ದಿನ ಇನ್ನೊಂದು ಸಲ. ಚರ್ಮದ ಮೇಲ್ಪದರ ಸ್ವಲ್ಪ ಆಮ್ಲೀಯ, ಪಿಎಚ್ 5ರ ಆಸುಪಾಸು. ಮಾಮೂಲಿ ಸ್ನಾನದ ಸೋಪು 9ರಿಂದ 10, ಅಂದರೆ ಕ್ಷಾರೀಯ. ಆದ್ದರಿಂದ ಸೌಮ್ಯವಾದ ಫೇಸ್‌ವಾಶ್ ಒಳ್ಳೆಯದು. ದುಬಾರಿಯದೇ ಆಗಬೇಕೆಂದಿಲ್ಲ. ತೊಳೆದ ಮೇಲೆ ಚರ್ಮ ಎಳೆದ ಹಾಗೆ ಬಿಗಿಯಾದರೆ ಅದು ನಿಮಗೆ ಒಗ್ಗುತ್ತಿಲ್ಲ ಎಂದೇ ಅರ್ಥ.

ಸಾಧಾರಣ ಮೊಡವೆಗೆ ನಾನು ಹೆಚ್ಚಾಗಿ ನೆಚ್ಚುವುದು ಎರಡೇ ಔಷಧಗಳನ್ನು. ಒಂದು ಬ್ಯಾಕ್ಟೀರಿಯಾ ಕೊಲ್ಲುವ ಬೆಂಜಾಯಿಲ್ ಪೆರಾಕ್ಸೈಡ್. 2.5 ಪರ್ಸೆಂಟ್‌ನದು ಸಾಕು. 5 ಅಥವಾ 10 ಪರ್ಸೆಂಟ್‌ನದು ಅದಕ್ಕಿಂತ ಹೆಚ್ಚು ಉರಿ ಕೊಡುತ್ತದೆ, ಗುಣ ಹೆಚ್ಚೇನೂ ಇರುವುದಿಲ್ಲ. ಇದು ಬಟ್ಟೆಯ ಬಣ್ಣ ತೆಗೆಯುತ್ತದೆ, ಹಾಗಾಗಿ ದಿಂಬಿಗೆ ಬಿಳಿ ಕವರ್ ಹಾಕಿಕೊಳ್ಳಿ. ಇನ್ನೊಂದು ಅಡಾಪಲೀನ್, 0.1 ಪರ್ಸೆಂಟ್‌ನ ಜೆಲ್. ಇದು ಕಟ್ಟಿದ ರಂಧ್ರವನ್ನು ಬಿಡಿಸುತ್ತದೆ. ರಾತ್ರಿ ಹಚ್ಚಬೇಕು, ಮುಖ ಪೂರ್ತಿ ಒಣಗಿದ ಮೇಲೆ, ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು. ಮೊದಲ ಎರಡು ವಾರ ದಿನ ಬಿಟ್ಟು ದಿನ ಹಚ್ಚಿ. ಕಣ್ಣಿನ ಸುತ್ತ, ಮೂಗಿನ ಪಕ್ಕದ ಮಡಿಕೆ, ತುಟಿಯ ಅಂಚು ಬಿಟ್ಟುಬಿಡಿ. ಮೇಲೆ ಮಾಯಿಶ್ಚರೈಸರ್ ಹಚ್ಚಿ. "ನನ್ನದು ಎಣ್ಣೆ ಚರ್ಮ, ಮಾಯಿಶ್ಚರೈಸರ್ ಯಾಕೆ?" ಎಂದು ಎಷ್ಟೋ ಜನ ಕೇಳುತ್ತಾರೆ. ಈ ಔಷಧಗಳು ಚರ್ಮವನ್ನು ಒಣಗಿಸುತ್ತವೆ. ಆ ಒಣಗುವಿಕೆಯನ್ನು ತಡೆದುಕೊಂಡರೆ ಮಾತ್ರ ಹನ್ನೆರಡು ವಾರ ಮುಂದುವರಿಸಲು ಸಾಧ್ಯ. ಎಣ್ಣೆ ಚರ್ಮಕ್ಕೆ ಜೆಲ್ ಥರದ್ದು ಸಿಗುತ್ತದೆ, ಅದನ್ನೇ ತೆಗೆದುಕೊಳ್ಳಿ.

ಅಡಾಪಲೀನ್ ಶುರು ಮಾಡಿದ ಮೊದಲ ಕೆಲವು ವಾರ ಮೊಡವೆ ಸ್ವಲ್ಪ ಹೆಚ್ಚಾದಂತೆ ಕಾಣಬಹುದು. ಹೆದರಿ ನಿಲ್ಲಿಸಬೇಡಿ. ಗರ್ಭಿಣಿಯರು, ಗರ್ಭ ಧರಿಸಲು ಯೋಚಿಸುತ್ತಿರುವವರು ಮಾತ್ರ ಇದನ್ನು ಹಚ್ಚಬಾರದು. ಅವರಿಗೆ ಅಜೆಲಾಯಿಕ್ ಆಸಿಡ್ ಇದೆ. ಕ್ಲಿಂಡಾಮೈಸಿನ್ ಜೆಲ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚುವವರಿಗೂ ಒಂದು ಮಾತು. ಅದು ಆ್ಯಂಟಿಬಯಾಟಿಕ್. ಒಂಟಿಯಾಗಿ ಬಳಸಿದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತದೆ. ಬೆಂಜಾಯಿಲ್ ಪೆರಾಕ್ಸೈಡ್ ಜೊತೆಗಿದ್ದರೆ ಆ ಅಪಾಯ ಕಡಿಮೆ.

ಅಡುಗೆಮನೆಯ ಮದ್ದುಗಳನ್ನೆಲ್ಲ ನಾನು ಬೇಡ ಎನ್ನುವುದಿಲ್ಲ. ಕಡಲೆಹಿಟ್ಟಿನಲ್ಲಿ ಮೆಲ್ಲಗೆ ಮುಖ ತೊಳೆದರೆ ತೊಂದರೆ ಇಲ್ಲ, ಒರಟಾಗಿ ತಿಕ್ಕಬಾರದು ಅಷ್ಟೇ. ನಿಂಬೆರಸ ಮಾತ್ರ ಖಂಡಿತ ಬೇಡ. ಅದರ ಆಮ್ಲ ಚರ್ಮವನ್ನು ಸುಡುತ್ತದೆ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಗುಳ್ಳೆ ಎದ್ದು, ಮೊಡವೆಯ ಕಲೆಗಿಂತ ದೊಡ್ಡ ಕಪ್ಪು ಕಲೆ ಉಳಿಯುವುದುಂಟು. ಟೂತ್‌ಪೇಸ್ಟ್, ಅಡುಗೆ ಸೋಡಾ ಕೂಡ ಬೇಡ.

ತಲೆಗೆ ಹಾಕುವ ಎಣ್ಣೆಯ ಬಗ್ಗೆ ಮನೆಯಲ್ಲಿ ಜಗಳವೇ ನಡೆಯುತ್ತದೆ. ಅಜ್ಜಿ ಹಾಕು ಅನ್ನುತ್ತಾರೆ, ಮೊಮ್ಮಗಳು ಬೇಡ ಅನ್ನುತ್ತಾಳೆ. ದಿನವೂ ಎಣ್ಣೆ ಹಾಕಿ, ಕೂದಲು ಹಣೆಗೆ ತಾಗುತ್ತಿದ್ದರೆ ಹಣೆಯ ಮೇಲೆ ಸಣ್ಣ ಸಣ್ಣ ಮೊಡವೆ ಏಳುವುದು ನಿಜ. ವಾರಕ್ಕೊಮ್ಮೆ ಎಣ್ಣೆ ಹಚ್ಚಿ, ಒಂದು ಗಂಟೆ ಬಿಟ್ಟು ಚೆನ್ನಾಗಿ ತೊಳೆದರೆ ಇಬ್ಬರ ಮಾತೂ ಉಳಿಯುತ್ತದೆ. ಹಣೆಯ ಮೇಲೆ ಒಂದೇ ಗಾತ್ರದ ಗುಳ್ಳೆಗಳು ಎದ್ದು, ಜೊತೆಗೆ ತುರಿಕೆಯೂ ಇದ್ದರೆ ಅದು ಮೊಡವೆಯೇ ಅಲ್ಲದಿರಬಹುದು. ತಲೆಹೊಟ್ಟಿಗೆ ಕಾರಣವಾಗುವ ಮಲಸೀಜಿಯಾ ಎಂಬ ಯೀಸ್ಟ್ ಅಲ್ಲೂ ಕೂದಲ ಬುಡದಲ್ಲಿ ಸೇರಿಕೊಂಡಿರುತ್ತದೆ. ಅದಕ್ಕೆ ಆ್ಯಂಟಿಬಯಾಟಿಕ್ ಕೊಟ್ಟರೆ ಹೆಚ್ಚಾಗುತ್ತದೆ.

ಊಟದ ವಿಷಯಕ್ಕೆ ಬಂದರೆ, ಬಜ್ಜಿ ತಿಂದರೆ ಆ ಎಣ್ಣೆ ಮುಖಕ್ಕೆ ಬರುತ್ತದೆ ಅನ್ನುವುದು ಸುಳ್ಳು. ಆದರೆ ಸಕ್ಕರೆ, ಮೈದಾ, ಸಿಹಿ ಪಾನೀಯಗಳು ಇನ್ಸುಲಿನ್ ಏರಿಸಿ ಎಣ್ಣೆ ಗ್ರಂಥಿಯನ್ನು ಕೆಣಕುತ್ತವೆ. ಆಸ್ಟ್ರೇಲಿಯಾದಲ್ಲಿ ಹರೆಯದ ಹುಡುಗರ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ, ಇಂಥ ಆಹಾರ ಕಡಿಮೆ ಮಾಡಿದವರಿಗೆ 12 ವಾರದಲ್ಲಿ ಮೊಡವೆ ಹೆಚ್ಚು ಇಳಿದಿತ್ತು. ಅಲ್ಲೂ 12 ವಾರ ನೋಡಿ. ಜಿಮ್‌ಗೆ ಹೋಗುವ ಹುಡುಗರಿಗೆ ಬೆನ್ನಿನ ತುಂಬಾ ಮೊಡವೆ ಎದ್ದರೆ ನಾನು ಮೊದಲು ಕೇಳುವುದು ವ್ಹೇ ಪ್ರೋಟೀನ್, ಅಂದರೆ ಹಾಲಿನಿಂದ ತೆಗೆದ ಪ್ರೋಟೀನ್ ಪುಡಿಯ ಬಗ್ಗೆ. ಅದೂ ಮೊಡವೆ ಹೆಚ್ಚಿಸಬಹುದು.

ಚಿವುಟಬೇಡಿ ಎಂದು ಎಲ್ಲರೂ ಹೇಳುತ್ತಾರೆ, ಕಾರಣ ಹೇಳುವುದಿಲ್ಲ. ಚಿವುಟಿದಾಗ ರಂಧ್ರದ ಗೋಡೆ ಒಳಗೇ ಒಡೆದು ಕೀವು ಆಳಕ್ಕೆ ಹೋಗುತ್ತದೆ. ನಮ್ಮಂಥ ಕಂದು ಚರ್ಮದಲ್ಲಿ ಪ್ರತಿ ಊತವೂ ಕಪ್ಪು ಕಲೆ ಬಿಟ್ಟು ಹೋಗುವುದು ಜಾಸ್ತಿ. ಆ ಕಲೆ ತಿಂಗಳುಗಳಲ್ಲಿ ತಾನಾಗಿಯೇ ತಿಳಿಯಾಗುತ್ತದೆ, ಸನ್‌ಸ್ಕ್ರೀನ್ ಹಚ್ಚಿದರೆ ಬೇಗ. ಆದರೆ ಗುಳಿ ಬಿದ್ದರೆ ಯಾವ ಕ್ರೀಮೂ ತುಂಬುವುದಿಲ್ಲ. ಹಾಗಾಗಿ ನೋವಿರುವ ಗಂಟಿನಂಥ ಮೊಡವೆ ಏಳುತ್ತಿದ್ದರೆ ಮನೆಯಲ್ಲಿ ಪ್ರಯೋಗ ಬೇಡ, ಬೇಗ ಬನ್ನಿ. ಮುಟ್ಟು ಏರುಪೇರಾಗುತ್ತಿದ್ದು, ಗಲ್ಲದ ಮೇಲೆ ಕೂದಲೂ ಬರುತ್ತಿದ್ದರೆ ಪಿಸಿಓಎಸ್, ಅಂದರೆ ಹಾರ್ಮೋನು ಏರುಪೇರಿನ ಅಂಡಾಶಯದ ತೊಂದರೆ, ಇದೆಯೇ ನೋಡಬೇಕು. ತೀವ್ರ ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ 1980ರ ದಶಕದಿಂದ ಬಳಕೆಯಲ್ಲಿದೆ. ಗುಳಿ ಬೀಳುವ ಮೊದಲೇ ಕೊಟ್ಟರೆ ಅದು ಎಷ್ಟೋ ಮುಖಗಳನ್ನು ಉಳಿಸುತ್ತದೆ. ಆದರೆ ಹೊಟ್ಟೆಯಲ್ಲಿರುವ ಮಗುವಿಗೆ ಗಂಭೀರ ಅಂಗದೋಷ ಉಂಟುಮಾಡುತ್ತದೆ. ಮಾತ್ರೆ ತಿನ್ನುವಾಗಲೂ ನಿಲ್ಲಿಸಿದ ಮೇಲೆ ಕನಿಷ್ಠ ಒಂದು ತಿಂಗಳೂ ಗರ್ಭ ನಿಲ್ಲಬಾರದು. ಅಕ್ಕ ತೆಗೆದುಕೊಂಡ ಮಾತ್ರೆಯ ಚೀಟಿ ತೋರಿಸಿ ತಂಗಿಗೆ ತರಬೇಡಿ.

ಇನ್ನು ಆ "ಬೇಗ ಗುಣ ಮಾಡುವ" ಟ್ಯೂಬ್. ಮೆಡಿಕಲ್ ಶಾಪ್‌ನಲ್ಲಿ ಮುಖ ತೋರಿಸಿ ತಂದದ್ದು, ಪಕ್ಕದ ಮನೆಯವರು ಹೇಳಿದ್ದು, ಬ್ಯೂಟಿ ಪಾರ್ಲರ್‌ನಲ್ಲಿ ಡಬ್ಬಿಯಲ್ಲಿ ಹಾಕಿಕೊಟ್ಟದ್ದು. ಹಚ್ಚಿದ ಮೂರನೇ ದಿನಕ್ಕೆ ಮೊಡವೆ ಇಳಿಯುತ್ತದೆ, ಮುಖ ಬೆಳ್ಳಗೆ ಹೊಳೆಯುತ್ತದೆ. ಅದರಲ್ಲಿ ಹೆಚ್ಚಾಗಿ ಇರುವುದು ಸ್ಟೀರಾಯ್ಡ್, ಅಂದರೆ ಕೆಂಪು, ಊತವನ್ನು ಬೇಗ ಅಡಗಿಸುವ ಔಷಧ. ಕೆಲವು ತಿಂಗಳಲ್ಲಿ ಚರ್ಮ ತೆಳುವಾಗುತ್ತದೆ, ಕೆಂಪು ನರಗಳು ಕಾಣುತ್ತವೆ, ಮೀಸೆಯ ಜಾಗದಲ್ಲಿ ಕೂದಲು ಬೆಳೆಯುತ್ತದೆ, ಒಂದೇ ಥರದ ಮೊಡವೆಗಳು ಗುಂಪಾಗಿ ಏಳುತ್ತವೆ. ನಿಲ್ಲಿಸಿದರೆ ಮುಖವೆಲ್ಲ ಉರಿ, ಕೆಂಪು. ಹಾಗಾಗಿ ಮತ್ತೆ ಅದನ್ನೇ ಹಚ್ಚುತ್ತಾರೆ. "ಹಚ್ಚಿದ್ರೆ ಚೆನ್ನಾಗಿರುತ್ತೆ ಮೇಡಂ, ಬಿಟ್ರೆ ಬರುತ್ತೆ" ಎಂದು ಅಳುತ್ತಾ ಕೂರುವ ಹೆಣ್ಣುಮಕ್ಕಳನ್ನು ನೋಡುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆ ಸ್ಥಿತಿಯಿಂದ ಹೊರಬರಲು ತಿಂಗಳುಗಳು ಬೇಕು.

ಟ್ಯೂಬನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಬೆಟಾಮೆಥಾಸೋನ್, ಮೊಮೆಟಾಸೋನ್, ಬೆಕ್ಲೊಮೆಥಾಸೋನ್, ಕ್ಲೊಬೆಟಾಸಾಲ್. ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡ್. ಚರ್ಮದ ಕೆಲವು ಕಾಯಿಲೆಗಳಿಗೆ ಇವು ಒಳ್ಳೆಯ ಔಷಧಗಳೇ, ನಾನೂ ಬರೆಯುತ್ತೇನೆ. ಎಲ್ಲಿಗೆ, ಎಷ್ಟು ದಿನ ಅನ್ನುವ ಲೆಕ್ಕ ಇರಬೇಕು. ಕೇಂದ್ರ ಸರ್ಕಾರ 2018ರಲ್ಲೇ ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಬಿಗಿ ಮಾಡಿತು. ಆದರೂ ಸುಲಭವಾಗಿ ಸಿಗುತ್ತಿವೆ. ಬಿಳುಪಿನ ಕ್ರೀಮುಗಳದು ಇನ್ನೊಂದು ಅಪಾಯ. ಕೆಲವದರಲ್ಲಿ ಪಾದರಸ ಇರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ಇಂಥ ಕ್ರೀಮ್ ಹಚ್ಚಿದವರ ಮೂತ್ರಪಿಂಡಕ್ಕೆ ಹಾನಿಯಾದದ್ದನ್ನು ಕಂಡು 2023ರಲ್ಲಿ ವರದಿ ಮಾಡಿದರು.

ಸ್ಟೀರಾಯ್ಡ್ ಟ್ಯೂಬು ಮುಖಕ್ಕಿಂತ ಹೆಚ್ಚು ಹಾಳು ಮಾಡಿರುವುದು ತೊಡೆಯ ಸಂದಿಯ ಚರ್ಮವನ್ನು. ಹುಳುಕಡ್ಡಿ ಒಂದು ಶಿಲೀಂಧ್ರದ ಸೋಂಕು. ಶಿಲೀಂಧ್ರದ ಔಷಧ, ಆ್ಯಂಟಿಬಯಾಟಿಕ್, ಸ್ಟೀರಾಯ್ಡ್ ಮೂರೂ ಬೆರೆಸಿದ ಕ್ರೀಮ್ ಹಚ್ಚಿದರೆ ತುರಿಕೆ ಎರಡೇ ದಿನಕ್ಕೆ ನಿಲ್ಲುತ್ತದೆ, ಸೋಂಕು ಒಳಗೊಳಗೇ ಹರಡುತ್ತದೆ. ಆಮೇಲೆ ಅದು ದುಂಡಗಿನ ಗುರುತನ್ನೂ ಕಳೆದುಕೊಳ್ಳುವುದರಿಂದ ಏನೆಂದು ಗುರುತಿಸುವುದೇ ಕಷ್ಟ. ಭಾರತ ಮತ್ತು ನೇಪಾಳದ ರೋಗಿಗಳಲ್ಲಿ ಸಿಕ್ಕ, ಮಾಮೂಲಿ ಟರ್ಬಿನಾಫಿನ್ ಔಷಧಕ್ಕೆ ಬಗ್ಗದ ಶಿಲೀಂಧ್ರಕ್ಕೆ ಜಪಾನಿನ ಸಂಶೋಧಕರು 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೇ ಎಂದು ಹೆಸರಿಟ್ಟರು. ಮಳೆಗಾಲದ ಮಲೆನಾಡು, ಕರಾವಳಿಯಲ್ಲಿ ಬಟ್ಟೆ ಒಣಗುವುದೇ ಇಲ್ಲ. ಅರೆ ಒದ್ದೆ ಒಳಉಡುಪು, ಬಿಗಿ ಜೀನ್ಸ್ ಈ ಸೋಂಕಿಗೆ ಹೇಳಿ ಮಾಡಿಸಿದ ಜಾಗ. ಇಸ್ತ್ರಿ ಹಾಕಿಯಾದರೂ ಬಟ್ಟೆ ಪೂರ್ತಿ ಒಣಗಿಸಿ. ಸಡಿಲವಾದ ಹತ್ತಿ ಬಟ್ಟೆ ಹಾಕಿ. ಟವೆಲ್ ಒಬ್ಬರದು ಒಬ್ಬರಿಗೆ ಬೇಡ. ಮನೆಯಲ್ಲಿ ಇನ್ಯಾರಿಗೆ ತುರಿಕೆ ಇದೆಯೋ ಅವರಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಗುರುತು ಮಾಯವಾದ ಮೇಲೂ ಡಾಕ್ಟರು ಹೇಳಿದಷ್ಟು ದಿನ ಔಷಧ ಮುಂದುವರಿಸಬೇಕು.

ಬೆರಳ ಸಂದಿಯಲ್ಲಿ ತುರಿಕೆ, ರಾತ್ರಿ ಜಾಸ್ತಿ, ಮನೆಮಂದಿಗೆಲ್ಲ ಇದೆ ಅಂದರೆ ಅದು ಕಜ್ಜಿ. ಪರ್ಮೆಥ್ರಿನ್ 5 ಪರ್ಸೆಂಟ್ ಕ್ರೀಮನ್ನು ಕುತ್ತಿಗೆಯಿಂದ ಕಾಲಬೆರಳ ತನಕ, ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಿ, ವಾರದ ನಂತರ ಮತ್ತೊಮ್ಮೆ ಹಚ್ಚಬೇಕು. ಗರ್ಭಿಣಿಯರು, ಎಳೆ ಮಕ್ಕಳಿದ್ದರೆ ಮೊದಲು ಡಾಕ್ಟರನ್ನು ಕೇಳಿ.

ಕೆನ್ನೆಯ ಮೇಲಿನ ಬಂಗು, ಅಂದರೆ ಕಂದು ಕಲೆಗೆ ಕ್ರೀಮಿಗಿಂತ ಮುಖ್ಯವಾದದ್ದು ಬೆಳಕಿನಿಂದ ರಕ್ಷಣೆ. ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನನ್ನು ತೋರುಬೆರಳು, ಮಧ್ಯದ ಬೆರಳುಗಳ ಉದ್ದಕ್ಕೂ ಎರಡು ಗೆರೆ ಎಳೆದು, ಅಷ್ಟನ್ನೂ ಮುಖ ಕುತ್ತಿಗೆಗೆ ಹಚ್ಚಿ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕಪ್ಪಾಗಿಸುತ್ತದೆ, ಅದನ್ನು ಮಾಮೂಲಿ ಸನ್‌ಸ್ಕ್ರೀನ್ ಅಷ್ಟಾಗಿ ತಡೆಯುವುದಿಲ್ಲ. ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಕೇಳಿ ತನ್ನಿ. ಇಲ್ಲೂ ಫಲಕ್ಕೆ ತಿಂಗಳುಗಳು ಬೇಕು.

ಮೈಮೇಲೆ ತಿಳಿ ಬಣ್ಣದ ಮಚ್ಚೆ ಇದ್ದು, ಅಲ್ಲಿ ಮುಟ್ಟಿದರೆ ಗೊತ್ತಾಗದಿದ್ದರೆ ಯಾವ ಕ್ರೀಮೂ ಹಚ್ಚದೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅದು ಕುಷ್ಠವಿರಬಹುದು. ಔಷಧ ಉಚಿತ, ಪೂರ್ತಿ ಗುಣವಾಗುತ್ತದೆ.

ಮನೆಯ ಹಿರಿಯರಲ್ಲಿ ಒಂದು ವಿನಂತಿ. ಸಮಾರಂಭದಲ್ಲಿ ಸಿಕ್ಕ ಹುಡುಗಿಯನ್ನು "ಏನಮ್ಮಾ ಮುಖ ಹೀಗಾಗಿದೆ?" ಎಂದು ಕೇಳಬೇಡಿ. ಅವಳಿಗೆ ಅದು ಗೊತ್ತಿರುತ್ತದೆ. ಆ ಪ್ರಶ್ನೆಗೆ ಹೆದರಿಯೇ ಎಷ್ಟೋ ಮಕ್ಕಳು ಮನೆಯಿಂದ ಹೊರಗೆ ಬರುವುದನ್ನು ಬಿಡುತ್ತಾರೆ, ಇಲ್ಲವೇ ಗುಟ್ಟಾಗಿ ಆ ಟ್ಯೂಬ್ ತರಿಸಿಕೊಳ್ಳುತ್ತಾರೆ. ಮಗು ಮಂಕಾಗಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ ಅದನ್ನೂ ಡಾಕ್ಟರ ಹತ್ತಿರ ಹೇಳಿ.

ಚರ್ಮದ ಡಾಕ್ಟರ ಬಳಿ ಬರುವಾಗ ಮೇಕಪ್ ಹಾಕದೆ ಬನ್ನಿ. ಈ ತನಕ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದದ್ದನ್ನೂ, ಒಂದು ಕವರಿನಲ್ಲಿ ಹಾಕಿಕೊಂಡು ಬನ್ನಿ. ಬೇರೆ ಕಾಯಿಲೆಗೆ ತಿನ್ನುವ ಮಾತ್ರೆ, ಬಿ12 ಇಂಜೆಕ್ಷನ್ ಕೂಡ ಹೇಳಿ, ಅದರಿಂದಲೂ ಮೊಡವೆಯಂಥ ಗುಳ್ಳೆ ಏಳುವುದುಂಟು. ತುಂಬಾ ಹೆಚ್ಚಾಗಿದ್ದ ದಿನದ ಫೋಟೊ ಫೋನಿನಲ್ಲಿರಲಿ. ಔಷಧ ಶುರು ಮಾಡಿದ ದಿನ ಅದೇ ಕಿಟಕಿಯ ಬೆಳಕಿನಲ್ಲಿ ಇನ್ನೊಂದು ಫೋಟೊ ತೆಗೆದಿಡಿ, ಆಮೇಲೆ ತಿಂಗಳಿಗೊಂದು. ದಿನಾ ಕನ್ನಡಿ ನೋಡಿದರೆ ಬದಲಾವಣೆ ಗೊತ್ತಾಗುವುದಿಲ್ಲ, ಫೋಟೊದಲ್ಲಿ ಗೊತ್ತಾಗುತ್ತದೆ.