ಒಂದು ನ್ಯಾನೋಮೀಟರ್ ಕ್ರೋಮಿಯಂ ಮತ್ತು ಪೀಟರ್ ಗ್ರುನ್‌ಬರ್ಗ್

ಪೀಟರ್ ಗ್ರುನ್‌ಬರ್ಗ್ ಎಂಬ ಭೌತವಿಜ್ಞಾನಿ ಎಂದರೆ ಹಾರ್ಡ್ ಡಿಸ್ಕ್, 2007ರ ನೊಬೆಲ್ ಎಂದಷ್ಟೇ ಬಹಳ ಮಂದಿಗೆ ಗೊತ್ತು. 1972ರಲ್ಲಿ ಜರ್ಮನಿಯ ಯೂಲಿಷ್ ಸಂಶೋಧನಾ ಕೇಂದ್ರ ಸೇರಿದ ಅವರು 2004ರಲ್ಲಿ ನಿವೃತ್ತರಾಗುವವರೆಗೂ ಅಲ್ಲೇ ಇದ್ದರು. ಆ ಅವಧಿಯ ಬಹುಪಾಲು ಕಳೆದದ್ದು ಕಾಂತೀಯ ವಸ್ತುಗಳೊಳಗಿನ ಅಲೆಗಳನ್ನು ಬೆಳಕು ಹಾಯಿಸಿ ನೋಡುವುದರಲ್ಲಿ.

ಕಬ್ಬಿಣದಂಥ ಕಾಂತವಸ್ತುವಿನಲ್ಲಿ ಪರಮಾಣುಗಳ ಪುಟ್ಟ ಕಾಂತಸೂಜಿಗಳಂಥ ಸ್ಪಿನ್‌ಗಳು ಒಂದರ ಹಿಂದೊಂದು ತೂಗಾಡಿ ಅಲೆ ಏಳುತ್ತದೆ. ಆರ್ಗಾನ್ ಲೇಸರಿನ ಹಸಿರು ಬೆಳಕನ್ನು ಮೇಲ್ಮೈಗೆ ಬಿಟ್ಟರೆ, ಅದರ ಅತಿ ಚಿಕ್ಕ ಪಾಲು ಈ ಅಲೆಗೆ ತಾಗಿ ಆವರ್ತನ ಬದಲಿಸಿಕೊಂಡು ಹೊರಬರುತ್ತದೆ. ಬೆಳಕಿನ ಆವರ್ತನ ಸುಮಾರು 5.8 ಲಕ್ಷ ಗಿಗಾಹರ್ಟ್ಸ್, ಬದಲಾವಣೆ ಕೆಲವೇ ಹತ್ತು ಗಿಗಾಹರ್ಟ್ಸ್. ಬದಲಾಗದೆ ಚದುರಿದ ಬೆಳಕು ಎಷ್ಟು ಪ್ರಖರವೆಂದರೆ ಬೇಕಾದ ಸಂಕೇತ ಅದರಲ್ಲಿ ಮುಳುಗಿಹೋಗುತ್ತದೆ. ಹಾಗಾಗಿ ಎದುರುಬದುರಾಗಿ ನಿಲ್ಲಿಸಿದ ಎರಡು ಕನ್ನಡಿಗಳ ನಡುವೆ ಬೆಳಕನ್ನು ಹಲವು ಬಾರಿ ಹಾಯಿಸಿ ಸೋಸಬೇಕು. ಪಕ್ಕದ ಕೋಣೆಯ ಪಂಪು ಅದುರಿದರೂ ಕನ್ನಡಿಗಳ ಅಂತರ ಕೆಟ್ಟು ಅಳತೆ ಹಾಳು.

ನಡುವೆ ಬೇರೆ ಲೋಹವಿಟ್ಟು ಎರಡು ಕಬ್ಬಿಣದ ಪದರಗಳನ್ನು ಜೋಡಿಸಿದರೆ, ಒಂದರ ಅಲೆ ಇನ್ನೊಂದನ್ನು ಎಳೆಯುತ್ತದೆ. ಆವರ್ತನಗಳು ಎಷ್ಟು ಸರಿದಿವೆ ಎಂಬುದರಿಂದ ಆ ಸೆಳೆತದ ಬಲವನ್ನು ಲೆಕ್ಕ ಹಾಕಬಹುದು. ಯೂಲಿಷ್ ತಂಡ 1986ರಲ್ಲಿ ಪ್ರಕಟಿಸಿದ್ದು ಇದನ್ನೇ: ನಡುವಿನ ಕ್ರೋಮಿಯಂ ಸುಮಾರು ಒಂದು ನ್ಯಾನೋಮೀಟರ್ (ಮೀಟರಿನ ನೂರು ಕೋಟಿಯಲ್ಲೊಂದು ಪಾಲು) ದಪ್ಪವಿದ್ದಾಗ, ಹೊರಗಿನ ಕಾಂತಕ್ಷೇತ್ರವಿಲ್ಲದೆಯೇ ಎರಡು ಕಬ್ಬಿಣದ ಪದರಗಳ ಕಾಂತತ್ವ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗಿ ನಿಲ್ಲುತ್ತದೆ. ನನ್ನ ಲೆಕ್ಕದಲ್ಲಿ ಅವರ ವೃತ್ತಿಜೀವನದ ಅಸಲಿ ಶೋಧ ಇದು. ನೊಬೆಲ್ ತಂದುಕೊಟ್ಟದ್ದು ಇದರ ಫಲ.

ಒಂದು ನ್ಯಾನೋಮೀಟರ್ ಎಂದರೆ ಕ್ರೋಮಿಯಂನ ಏಳು ಪರಮಾಣು ಪದರಗಳಷ್ಟೇ. ಅದನ್ನು ಹಾಸುವ ಕೋಣೆಯಲ್ಲಿ 10⁻¹⁰ ಮಿಲಿಬಾರ್ ಆಸುಪಾಸಿನ ನಿರ್ವಾತ ಬೇಕು. 10⁻⁶ ಮಿಲಿಬಾರ್‌ನಲ್ಲಿ ಕೆಲವೇ ಕ್ಷಣಗಳಲ್ಲಿ ಮೇಲ್ಮೈಯನ್ನು ಒಂದು ಪದರ ಅನಿಲ ಮುಚ್ಚಿಬಿಡುತ್ತದೆ. ನಿರ್ವಾತ ಹತ್ತು ಸಾವಿರ ಪಟ್ಟು ಉತ್ತಮವಾದರೆ ಕೆಲವು ಗಂಟೆಗಳ ಬಿಡುವು ಸಿಗುತ್ತದೆ. ದಪ್ಪದ ಲೆಕ್ಕ ಇಡುವುದು ಪಕ್ಕದಲ್ಲಿ ಮಿಡಿಯುವ ಸ್ಫಟಿಕಶಿಲೆಯ ಬಿಲ್ಲೆ: ಅದರ ಮೇಲೂ ಲೋಹ ಕೂತು ತೂಕ ಏರಿದಂತೆ ಮಿಡಿತದ ಆವರ್ತನ ಇಳಿಯುತ್ತದೆ.

ಕೆಡುವುದು ಸಾಮಾನ್ಯವಾಗಿ ಉಷ್ಣತೆಯಿಂದ. ಆಧಾರದ ಬಿಲ್ಲೆ ಹೆಚ್ಚು ಬಿಸಿಯಾದರೆ ಕಬ್ಬಿಣ, ಕ್ರೋಮಿಯಂ ಕಲೆತುಹೋಗುತ್ತವೆ. ತೀರಾ ತಣ್ಣಗಿದ್ದರೆ ಬಂದ ಪರಮಾಣುಗಳು ಸರಿದಾಡಲಾರದೆ ಬಿದ್ದಲ್ಲೇ ಗುಡ್ಡೆಯಾಗುತ್ತವೆ. ಕ್ರೋಮಿಯಂನಲ್ಲಿ ಸೂಜಿಮೊನೆಯಷ್ಟು ತೂತು ಉಳಿದು, ಅದರ ಮೂಲಕ ಕಬ್ಬಿಣ ಕಬ್ಬಿಣವನ್ನು ಮುಟ್ಟಿದರೆ ಎರಡೂ ಪದರ ಒಂದೇ ದಿಕ್ಕಿಗೆ ತಿರುಗುತ್ತವೆ, ವಿರುದ್ಧ ಜೋಡಣೆ ಮಾಯ. ದಪ್ಪಕ್ಕೊಂದರಂತೆ ಮಾದರಿ ಮಾಡುವ ಬದಲು, ಅಡ್ಡಫಲಕವನ್ನು ನಿಧಾನವಾಗಿ ಸರಿಸುತ್ತಾ ಕ್ರೋಮಿಯಂ ಅನ್ನು ಬೆಣೆಯ ಆಕಾರದಲ್ಲಿ ಹಾಸುವುದುಂಟು. ಆಗ ಒಂದೇ ಬಿಲ್ಲೆಯ ಮೇಲೆ ಎಲ್ಲ ದಪ್ಪಗಳೂ ಸಿಗುತ್ತವೆ.

ಪದರಗಳು ವಿರುದ್ಧವಾಗಿದ್ದಾಗ ವಿದ್ಯುತ್ ರೋಧ ಎಷ್ಟಿರುತ್ತದೆ ಎಂಬ ಪ್ರಶ್ನೆ ಇದರ ಬೆನ್ನಿಗೇ ಬಂತು. ಗ್ಯಾಲಿಯಂ ಆರ್ಸೆನೈಡ್ ಬಿಲ್ಲೆಯ ಮೇಲೆ 12 ನ್ಯಾನೋಮೀಟರ್ ಕಬ್ಬಿಣ, ಒಂದು ನ್ಯಾನೋಮೀಟರ್ ಕ್ರೋಮಿಯಂ, ಮತ್ತೆ 12 ಕಬ್ಬಿಣ. ಕಾಂತಕ್ಷೇತ್ರ ಕೊಟ್ಟು ಎರಡೂ ಪದರಗಳನ್ನು ಒಂದೇ ದಿಕ್ಕಿಗೆ ತಿರುಗಿಸಿದಾಗ, ಕೋಣೆಯ ಉಷ್ಣತೆಯಲ್ಲಿ ರೋಧದ ಬದಲಾವಣೆ ಶೇ 1.5. ಇದನ್ನು ನಂಬಬೇಕಾದರೆ ಎರಡು ಅನುಮಾನ ತೀರಬೇಕು. ಲೋಹದ ರೋಧ ಒಂದು ಡಿಗ್ರಿಗೆ ಸುಮಾರು ಶೇ 0.4 ಏರುತ್ತದೆ, ಆದ್ದರಿಂದ ಅಳೆಯುವಷ್ಟು ಹೊತ್ತು ಮಾದರಿ ಬಿಸಿಯಾಗಬಾರದು. ಇನ್ನೊಂದು, ಒಂಟಿ ಕಬ್ಬಿಣದ ಪದರದಲ್ಲೂ ಕಾಂತತ್ವ ಪ್ರವಾಹದ ದಿಕ್ಕಿಗೆ ತಿರುಗಿದಾಗ, ಅಡ್ಡಕ್ಕೆ ತಿರುಗಿದಾಗ ರೋಧ ತುಸು ಬೇರೆ ಬರುತ್ತದೆ. ಅದಕ್ಕೇ ಒಂಟಿ ಪದರವನ್ನೂ ಅಳೆದು ಪಕ್ಕದಲ್ಲಿಟ್ಟು ನೋಡಬೇಕು.

ರೋಧ ಬದಲಾಗುವ ಕಾರಣ ಇದು: ಎಲೆಕ್ಟ್ರಾನುಗಳಲ್ಲಿ ಎರಡು ಬಗೆಯ ಸ್ಪಿನ್ ಇದೆ. ಪದರಗಳು ಒಂದೇ ದಿಕ್ಕಿಗಿದ್ದರೆ ಒಂದು ಬಗೆಯವು ಎರಡೂ ಕಡೆ ಹೆಚ್ಚು ಚದುರದೆ ಹಾದುಹೋಗುತ್ತವೆ. ವಿರುದ್ಧವಿದ್ದರೆ ಎರಡೂ ಬಗೆಯವು ಎಲ್ಲೋ ಒಂದು ಪದರದಲ್ಲಿ ಎಡವುತ್ತವೆ.

ಇದೇ ಹೊತ್ತಿಗೆ ಫ್ರಾನ್ಸಿನ ಓರ್ಸೇಯಲ್ಲಿ ಆಲ್ಬರ್ಟ್ ಫೆರ್ ತಂಡ ಹಲವು ಹತ್ತು ಕಬ್ಬಿಣ–ಕ್ರೋಮಿಯಂ ಜೋಡಿಗಳನ್ನು ಪೇರಿಸಿ, ದ್ರವ ಹೀಲಿಯಂನ ಕಡುಶೀತದ 4.2 ಕೆಲ್ವಿನ್‌ನಲ್ಲಿ ಸುಮಾರು 2 ಟೆಸ್ಲಾ ಕ್ಷೇತ್ರ ಕೊಟ್ಟು ರೋಧವನ್ನು ಹತ್ತಿರ ಹತ್ತಿರ ಅರ್ಧಕ್ಕಿಳಿಸಿತು. ಆ ಲೇಖನ 1988ರ ನವೆಂಬರಿನಲ್ಲಿ ಬಂತು, ಯೂಲಿಷ್‌ನದು 1989ರ ಮಾರ್ಚಿನಲ್ಲಿ. ಸಂಖ್ಯೆ ನೋಡಿದರೆ ಫೆರ್ ಫಲಿತಾಂಶವೇ ಬೆರಗಿನದು. ಆದರೆ ಮೂರೇ ಪದರ, ಕೋಣೆಯ ಉಷ್ಣತೆ ಎಂಬುದರಲ್ಲಿ ಯಂತ್ರಕ್ಕೆ ದಾರಿ ಕಂಡದ್ದು ಗ್ರುನ್‌ಬರ್ಗ್‌ಗೆ. ಪೇಟೆಂಟ್ ಅರ್ಜಿ 1988ರಲ್ಲೇ ಹೋಯಿತು.

ಐಬಿಎಂನ ಸ್ಟುವರ್ಟ್ ಪಾರ್ಕಿನ್ ಇಂಥ ಪದರಗಳನ್ನು ಅಗ್ಗದ, ವೇಗದ ಸ್ಪಟರಿಂಗ್ (ಅಯಾನುಗಳಿಂದ ಲೋಹದ ಪರಮಾಣುಗಳನ್ನು ಕಿತ್ತೆಬ್ಬಿಸಿ ಹಾಸುವ) ವಿಧಾನದಲ್ಲೂ ಮಾಡಬಹುದೆಂದು ತೋರಿಸಿದರು. 1997ರಲ್ಲಿ ಈ ತತ್ವದ ಓದುವ ಹೆಡ್‌ ಇದ್ದ ಹಾರ್ಡ್ ಡಿಸ್ಕ್ ಮಾರುಕಟ್ಟೆಗೆ ಬಂತು. ಆ ಹೆಡ್‌ನಲ್ಲಿ ಒಂದು ಪದರ ಡಿಸ್ಕಿನ ಪುಟ್ಟ ಕ್ಷೇತ್ರಕ್ಕೂ ಹಗುರಾಗಿ ತಿರುಗಬೇಕಿತ್ತು. ಹಾಗಾಗಿ ನಡುವೆ ಎರಡು–ಮೂರು ನ್ಯಾನೋಮೀಟರ್ ತಾಮ್ರವಿಟ್ಟು ಪದರಗಳ ಪರಸ್ಪರ ಸೆಳೆತವನ್ನು ಆದಷ್ಟು ಅಳಿಸುತ್ತಿದ್ದರು, ಅಂದರೆ ಗ್ರುನ್‌ಬರ್ಗ್ 1986ರಲ್ಲಿ ಕಂಡದ್ದೇ ಇಲ್ಲಿ ಉಪದ್ರವ. ಇನ್ನೊಂದು ಪದರ ಮಾತ್ರ ಅಲುಗದೆ ನಿಲ್ಲಬೇಕಿತ್ತು. ಅದಕ್ಕಾಗಿ ಎರಡು ಕೋಬಾಲ್ಟ್ ಮಿಶ್ರಲೋಹದ ಪದರಗಳ ನಡುವೆ 0.8 ನ್ಯಾನೋಮೀಟರ್ ಆಸುಪಾಸಿನ ರುಥೇನಿಯಂ ಹಾಸಿ, ಅದೇ ವಿರುದ್ಧ ಸೆಳೆತದಿಂದ ಬಿಗಿಯುವ ವಿನ್ಯಾಸ ಆಮೇಲೆ ರೂಢಿಗೆ ಬಂತು.