ಮುಳುಗುಬಾತು ಎಂದರೆ ಯಾವುದು?

ಕೆರೆಯಲ್ಲಿ ಮುಳುಗಿ ಏಳುವ ಹಕ್ಕಿಯನ್ನೆಲ್ಲ ಮುಳುಗುಬಾತು ಎನ್ನುವ ಹಾಗಿಲ್ಲ. ಪುಟ್ಟ ಗುಳುಮುಳುಕ ಮುಳುಗುತ್ತದೆ, ಹಣೆಗೆ ಬಿಳಿ ನಾಮ ಬಳಿದುಕೊಂಡ ನಾಮದ ಕೋಳಿ ಮುಳುಗುತ್ತದೆ, ನೀರುಕಾಗೆಯ ಮಾತಂತೂ ಬೇಡವೇ ಬೇಡ. ಇವು ಯಾವುವೂ ಬಾತುಗಳೇ ಅಲ್ಲ. ಬಾತುಗಳಲ್ಲೂ, ನಮ್ಮ ಕೆರೆಗಳ ಚುಕ್ಕೆ ಕೊಕ್ಕಿನ ಬಾತಿನಂಥವು ತಲೆ ಕೆಳಗೆ ಮಾಡಿ, ಬಾಲ ಮೇಲೆತ್ತಿ, ಕುತ್ತಿಗೆ ಎಟುಕುವಷ್ಟು ಆಳದಲ್ಲಿ ಮೇಯುತ್ತವೆ. ಇಡೀ ಮೈಯನ್ನೇ ನೀರೊಳಗೆ ಇಳಿಸಿ ತಳದಲ್ಲಿ ಊಟ ಹುಡುಕುವ ಬಾತು ಮುಳುಗುಬಾತು.

ಒಳ್ಳೆಯ ಉದಾಹರಣೆ ಪೋಚಾರ್ಡ್. ತಲೆಯ ಬಣ್ಣ ನೋಡಿದವರು ಕೆಂದಲೆ ಬಾತು ಎಂದರೂ ತಪ್ಪಿಲ್ಲ. ಗಂಡಿನ ತಲೆ, ಕುತ್ತಿಗೆ ಕಗ್ಗೆಂಪು; ಎದೆ ಕಪ್ಪು; ಬೆನ್ನು ಮತ್ತು ಪಕ್ಕೆ ತೆಳು ಬೂದಿ. ದೂರಕ್ಕೆ ಬರೀ ಬೂದಿಯಾಗಿ ಕಾಣುವ ಬೆನ್ನನ್ನು ದುರ್ಬೀನಿನಲ್ಲಿ ನೋಡಬೇಕು: ಕೂದಲೆಳೆಯಷ್ಟು ಸಣ್ಣ ಗೆರೆಗಳ ನೇಯ್ಗೆ ಅದು. ಕಣ್ಣು ಕೆಂಪು. ಕಪ್ಪು ಕೊಕ್ಕಿನ ನಡುವೆ ಬೂದುಬಣ್ಣದ ಅಗಲ ಪಟ್ಟಿ. ಹೆಣ್ಣು ಮಾಸಲು ಕಂದು, ಹುಡುಕಿ ಗುರುತಿಸಬೇಕು. ಆದರೆ ಹಣೆಯಿಂದ ಕೊಕ್ಕಿನ ತುದಿಯವರೆಗೆ ಒಂದೇ ಸಮನೆ ಜಾರುವ ಇಳಿಜಾರು ಎರಡಕ್ಕೂ ಇದೆ. ನನಗೆ ಬಣ್ಣಕ್ಕಿಂತ ಈ ಗುರುತೇ ಹೆಚ್ಚು ನಂಬಿಕೆಯದು. ಉದ್ದ ಸುಮಾರು 42ರಿಂದ 49 ಸೆಂಟಿಮೀಟರ್.

ಕಾಲುಗಳಿರುವುದು ಮೈಯ ತೀರಾ ಹಿಂಭಾಗದಲ್ಲಿ. ನೀರೊಳಗೆ ಅವು ದೋಣಿಯ ಹಿಂದಿನ ಹುಟ್ಟಿನಂತೆ ಕೆಲಸ ಮಾಡುತ್ತವೆ. ಅದೇ ಕಾರಣಕ್ಕೆ ದಡದ ಮೇಲೆ ನಡಿಗೆ ಪೇಚಾಟ. ಮೇಲೇಳುವಾಗಲೂ ಅಷ್ಟೆ. ಚುಕ್ಕೆ ಕೊಕ್ಕಿನ ಬಾತು ನಿಂತಲ್ಲಿಂದಲೇ ಚಿಮ್ಮಿದರೆ, ಇದು ರೆಕ್ಕೆ ಬಡಿಯುತ್ತಾ ನೀರಿನ ಮೇಲೆ ಪಟಪಟನೆ ಓಡಿ ಆಮೇಲೆ ಹಾರಬೇಕು. ಮುಳುಗುವ ಮುನ್ನ ಒಂದು ಸಣ್ಣ ನೆಗೆತ, ರೆಕ್ಕೆಗಳು ಮೈಗೆ ಅಂಟಿರುತ್ತವೆ, ಮರುಕ್ಷಣ ಅಲ್ಲಿ ಉಂಗುರದಂಥ ಅಲೆ ಮಾತ್ರ.

ಊಟದಲ್ಲಿ ಹಟವಿಲ್ಲ. ನೀರುಗಿಡಗಳ ಬೀಜ, ಬೇರು, ಗೆಡ್ಡೆ, ಎಳೆ ಚಿಗುರು ಮುಖ್ಯ. ಜೊತೆಗೆ ಬಸವನಹುಳು, ಕೀಟಗಳ ಮರಿಹುಳು, ಒಮ್ಮೊಮ್ಮೆ ಸಣ್ಣ ಮೀನು. ಬಹುಪಾಲು ಮೇಯುವುದು ರಾತ್ರಿ. ಹಗಲಲ್ಲಿ ಹಿಂಡುಹಿಂಡಾಗಿ ಕೆರೆಯ ನಡುವೆ ಕೊಕ್ಕನ್ನು ಬೆನ್ನಿನ ಗರಿಗಳಲ್ಲಿ ಹುದುಗಿಸಿ ತೇಲುವ ಈ ಹಕ್ಕಿಯನ್ನು ಸೋಮಾರಿ ಎಂದುಕೊಂಡವರು ರಾತ್ರಿಪಾಳಿಯವರನ್ನು ಕಂಡಿಲ್ಲ!

ಮರಿ ಮಾಡುವುದು ಯುರೋಪಿನಿಂದ ಸೈಬೀರಿಯಾದವರೆಗಿನ ಜೊಂಡು ಬೆಳೆದ ಕೆರೆ, ಜೌಗುಗಳಲ್ಲಿ. ಚಳಿಗಾಲಕ್ಕೆ ಭಾರತಕ್ಕೂ ಬರುತ್ತದೆ: ರಾಜಸ್ಥಾನದ ಭರತಪುರದಲ್ಲಿ, ಒಡಿಶಾದ ಚಿಲಿಕಾ ಸರೋವರದಲ್ಲಿ ಕಾಣಸಿಗುತ್ತದೆ, ದಕ್ಷಿಣಕ್ಕೆ ಇಳಿದಂತೆ ಸಂಖ್ಯೆ ಕಡಿಮೆ. ಹೆಣ್ಣುಗಳು ಸಾಮಾನ್ಯವಾಗಿ ಗಂಡುಗಳಿಗಿಂತ ಹೆಚ್ಚು ದಕ್ಷಿಣಕ್ಕೆ ಹೋಗುವುದರಿಂದ, ಉತ್ತರದ ಕೆಲವು ಹಿಂಡುಗಳಲ್ಲಿ ಎಲ್ಲಿ ನೋಡಿದರೂ ಕೆಂದಲೆಗಳೇ. ಅಂಥ ದೊಡ್ಡ ಹಿಂಡುಗಳೂ ಕರಗುತ್ತಿವೆ. 2015ರಿಂದ ಈ ಬಾತು, ಜೀವಿಗಳ ಅಳಿವಿನ ಅಪಾಯವನ್ನು ಅಳೆಯುವ ಜಾಗತಿಕ ಕೆಂಪುಪಟ್ಟಿಯಲ್ಲಿ ಅಪಾಯಕ್ಕೆ ಒಳಗಾಗಬಲ್ಲ ಹಕ್ಕಿಗಳ ಸಾಲಿನಲ್ಲಿದೆ.