ಕಥೆಗಳಲ್ಲಿ ಶಾರ್ಕ್ ಕಡಲ್ಗಳ್ಳನಾದದ್ದು ಹೇಗೆ?

ಓದುಗರ ಪ್ರಶ್ನೆ: ನನ್ನ ಮಗ ಆರನೆಯ ತರಗತಿಯಲ್ಲಿದ್ದಾನೆ. ಅವನು ಮೊಬೈಲಿನಲ್ಲಿ ಆಡುವ ಆಟ, ಟಿ.ವಿ.ಯಲ್ಲಿ ನೋಡುವ ಕಾರ್ಟೂನು, ಕೊನೆಗೆ ಶಾಲೆಯ ಚೀಲದ ಮೇಲಿನ ಚಿತ್ರದಲ್ಲಿಯೂ ಕಡಲ್ಗಳ್ಳ ಎಂದರೆ ಶಾರ್ಕ್. ತಲೆಗೆ ಟೋಪಿ, ಒಂದು ಕಣ್ಣಿಗೆ ಕಪ್ಪು ಪಟ್ಟಿ, ಕೈಯಲ್ಲಿ ಕತ್ತಿ. ತಿಮಿಂಗಿಲ, ಆಮೆ, ಆಕ್ಟೋಪಸ್ ಎಲ್ಲ ಇರುವಾಗ ಶಾರ್ಕೇ ಏಕೆ ಎಂದು ಕೇಳುತ್ತಾನೆ. ನಿಜವಾಗಿ ಇವೆರಡಕ್ಕೂ ಏನಾದರೂ ಸಂಬಂಧವಿದೆಯೇ? (ಓದುಗರೊಬ್ಬರು, ಹೊಳೆನರಸೀಪುರ)

ಸಂಬಂಧ ಇದೆ. ಆದರೆ ಅದನ್ನು ಹುಡುಕಬೇಕಾದದ್ದು ಮೀನಿನ ಸ್ವಭಾವದಲ್ಲಿ ಅಲ್ಲ, ಹಡಗುಗಳ ಚರಿತ್ರೆಯಲ್ಲಿ. ಹಾಸನದಲ್ಲಿ ಮಕ್ಕಳಿಗೆ ಪುಸ್ತಕ ಓದಿಸುವ ಕೆಲಸದಲ್ಲಿರುವ ನನಗೆ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗಿದೆ. ನಮ್ಮ ಕಡೆಯ ಮಕ್ಕಳಲ್ಲಿ ಹೆಚ್ಚಿನವರು ಸಮುದ್ರವನ್ನು ನೋಡುವುದಕ್ಕಿಂತ ಎಷ್ಟೋ ಮೊದಲೇ ಶಾರ್ಕನ್ನು ಪರದೆಯ ಮೇಲೆ ನೋಡಿರುತ್ತಾರೆ. ಅವರ ಮಟ್ಟಿಗೆ ಅದು ಮೊದಲು ಪಾತ್ರ, ಆಮೇಲೆ ಪ್ರಾಣಿ.

ನಾನು ಶಾರ್ಕನ್ನು ಮೊದಲು ಮುಟ್ಟಿದ್ದು ಸಕಲೇಶಪುರದ ಸಂತೆಯಲ್ಲಿ. ಮಳೆಗಾಲ ಹಿಡಿಯುವ ಮುಂಚೆ ಶಿರಾಡಿ ಘಾಟಿ ಹತ್ತಿ ಬರುವ ಒಣಮೀನಿನ ರಾಶಿಯಲ್ಲಿ ಉಪ್ಪು ಹಾಕಿದ ಉದ್ದನೆಯ ತುಂಡುಗಳಿದ್ದವು. ಮಾರುತ್ತಿದ್ದ ಅಮ್ಮ ಅದನ್ನು ತುಳುವಿನಲ್ಲಿ ತಾಟೆ ಎಂದರು. ಪಕ್ಕದಲ್ಲಿ ಕೊಳ್ಳುತ್ತಿದ್ದವರು ಕೊಂಕಣಿಯಲ್ಲಿ ಮೋರಿ ಎಂದರು. ಚರ್ಮದ ಮೇಲೆ ತಲೆಯಿಂದ ಬಾಲದ ಕಡೆಗೆ ಬೆರಳೆಳೆದರೆ ನುಣುಪು. ಬಾಲದಿಂದ ತಲೆಯ ಕಡೆಗೆ ಎಳೆದಾಗ ಬಡಗಿಯ ಉಪ್ಪುಕಾಗದದಂತೆ ತರಚಿತು. ಅದರ ಹುರುಪೆಗಳು ರಚನೆಯಲ್ಲಿ ಹಲ್ಲುಗಳನ್ನೇ ಹೋಲುತ್ತವೆ. ಮೈಯೆಲ್ಲ ಹಲ್ಲು ಎಂದರೂ ತಪ್ಪಿಲ್ಲ. ಈ ಒರಟುತನಕ್ಕಾಗಿಯೇ ಹಿಂದಿನ ಕಾಲದಲ್ಲಿ ಶಾರ್ಕ್ ಮತ್ತು ತೊರಕೆ ಮೀನಿನ ಚರ್ಮವನ್ನು ಕತ್ತಿಯ ಹಿಡಿಗೆ ಸುತ್ತುತ್ತಿದ್ದರು. ಬೆವರಿನಿಂದಲೋ ರಕ್ತದಿಂದಲೋ ಕೈ ಒದ್ದೆಯಾದರೂ ಹಿಡಿತ ಜಾರುತ್ತಿರಲಿಲ್ಲ. ನಿಮ್ಮ ಮಗನ ಚೀಲದ ಮೇಲಿನ ಶಾರ್ಕ್ ಕತ್ತಿ ಹಿಡಿಯುವ ಎಷ್ಟೋ ಮೊದಲೇ ಕತ್ತಿಯ ಹಿಡಿಯಲ್ಲಿ ಶಾರ್ಕ್ ಇತ್ತು.

ಇನ್ನು ಹಡಗಿನ ವಿಷಯ. 1569ರಲ್ಲಿ ಲಂಡನ್ನಿನಲ್ಲಿ ಒಂದು ವಿಚಿತ್ರ ಮೀನನ್ನು ಜನರ ನೋಟಕ್ಕಿಟ್ಟಿದ್ದರು. ಅದರ ಬಗ್ಗೆ ಅಚ್ಚಾದ ಕರಪತ್ರದಲ್ಲಿ, ಇದಕ್ಕೆ ಸರಿಯಾದ ಹೆಸರಿಲ್ಲ, ಕ್ಯಾಪ್ಟನ್ ಹಾಕಿನ್ಸನ ಕಡೆಯ ಕೆಲವರು ಮಾತ್ರ ಇದನ್ನು ಶಾರ್ಕ್ ಎನ್ನುತ್ತಾರೆ ಎಂಬ ಅರ್ಥದ ಮಾತಿದೆ. ಯಾರು ಈ ಹಾಕಿನ್ಸ್? 1560ರ ದಶಕದಲ್ಲಿ ಆಫ್ರಿಕಾದಿಂದ ಜನರನ್ನು ಹಿಡಿದು ತಂದು ಅಮೆರಿಕದ ಸ್ಪ್ಯಾನಿಷ್ ವಸಾಹತುಗಳಲ್ಲಿ ಮಾರಿದ ಇಂಗ್ಲಿಷ್ ನಾವಿಕ. ಇಂಗ್ಲೆಂಡಿಗೆ ಅವನು ವೀರ, ಸ್ಪೇನಿಗೆ ಕಡಲ್ಗಳ್ಳ. ಶಾರ್ಕ್ ಎಂಬ ಮಾತು ಇಂಗ್ಲಿಷಿನಲ್ಲಿ ಹರಡಿದ್ದೇ ಇಂಥವರ ಬಾಯಿಂದ. ಆ ಶತಮಾನ ಮುಗಿಯುವಷ್ಟರಲ್ಲಿ ಅದು ಮೋಸಗಾರನಿಗೂ ಹೆಸರಾಯಿತು. ನಾವು ಮೀಟರ್ ಬಡ್ಡಿಯವನು ಎನ್ನುವವನನ್ನು ಇಂಗ್ಲಿಷಿನವರು ಇಂದಿಗೂ ಲೋನ್ ಶಾರ್ಕ್ ಎನ್ನುತ್ತಾರೆ.

ಗುಲಾಮರನ್ನು ಸಾಗಿಸುವ ಹಡಗುಗಳಲ್ಲಿ ಕಾಯಿಲೆ, ಹಸಿವು, ಹೊಡೆತಗಳಿಂದ ಸತ್ತವರನ್ನು ಸಮುದ್ರಕ್ಕೆ ಎಸೆಯುತ್ತಿದ್ದರು. ಕೆಲವೊಮ್ಮೆ ಬದುಕಿದ್ದವರನ್ನೂ. ಆ ಹಡಗುಗಳ ಬೆನ್ನಿಗೆ ಶಾರ್ಕ್‌ಗಳು ಬೀಳುತ್ತಿದ್ದವು. ಗಿನಿ ಕರಾವಳಿಯಲ್ಲಿದ್ದ ಡಚ್ ವ್ಯಾಪಾರಿ ವಿಲ್ಲೆಮ್ ಬೋಸ್ಮನ್ 1704ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ದೃಶ್ಯವಿದೆ. ಇಂಗ್ಲಿಷ್ ಚಿತ್ರಕಾರ ಟರ್ನರ್ 1840ರಲ್ಲಿ ಪ್ರದರ್ಶಿಸಿದ ಗುಲಾಮರ ಹಡಗಿನ ಚಿತ್ರದಲ್ಲಿ, ಕೆಂಪು ಸಂಜೆಯ ಅಲೆಗಳ ನಡುವೆ ಸರಪಳಿಯ ಕಾಲೊಂದು ಮೇಲೆದ್ದಿದೆ, ಸುತ್ತ ಮೀನುಗಳು ಮುತ್ತಿಕೊಂಡಿವೆ. ಇದನ್ನು ಮಕ್ಕಳಿಗೆ ಹೇಳುವಾಗ ನನಗೆ ಇಂದಿಗೂ ದನಿ ತಗ್ಗುತ್ತದೆ. ಆದರೂ ಹೇಳುತ್ತೇನೆ. ಶಾರ್ಕ್ ಹಡಗನ್ನು ಹಿಂಬಾಲಿಸಿದ್ದು ನಿಜ, ಹಿಂಬಾಲಿಸುವಂತೆ ಮಾಡಿದ್ದು ಮನುಷ್ಯರು.

ಕಡಲ್ಗಳ್ಳರ ಹಡಗುಗಳಲ್ಲಿ ಹೆಸರಾದ ಕೆಲವು ಮೊದಲು ಇಂಥ ಹಡಗುಗಳೇ ಆಗಿದ್ದವು. ಕಪ್ಪುಗಡ್ಡದವನೆಂದು ಹೆಸರಾದ ಬ್ಲ್ಯಾಕ್‌ಬಿಯರ್ಡ್‌ನ 'ಕ್ವೀನ್ ಆನ್ಸ್ ರಿವೆಂಜ್' ಅವನ ಕೈಗೆ ಸಿಗುವ ಮುಂಚೆ 'ಲಾ ಕಾಂಕಾರ್ಡ್' ಎಂಬ ಫ್ರೆಂಚ್ ಗುಲಾಮ ಹಡಗು. ಅದು ಸೆರೆಯಾದದ್ದು 1717ರಲ್ಲಿ. ಅದೇ ವರ್ಷ ಸ್ಯಾಮ್ ಬೆಲ್ಲಮಿ ಹಿಡಿದ 'ವಿಡಾ' ಕೂಡ ಗುಲಾಮರನ್ನು ಸಾಗಿಸಿದ ಹಡಗೇ. ಒಂದೇ ಹಡಗು, ಒಂದೇ ಕಡಲ ದಾರಿ, ಎರಡು ಭಯ. ನಾವಿಕರ ಬಾಯಲ್ಲಿ ಈ ಎರಡು ಭಯಗಳು ಒಂದಕ್ಕೊಂದು ಬೆಸೆದುಕೊಂಡವು. ಕಥೆಗಾರರು ಕೈ ಹಾಕುವ ಹೊತ್ತಿಗೆ ಅರ್ಧ ಕೆಲಸ ಆಗಿಹೋಗಿತ್ತು.

ಒಂಟಿಕಾಲಿನ ಕಡಲ್ಗಳ್ಳನ ಚಿತ್ರಕ್ಕೂ ಒಂದು ನಿಜ ಘಟನೆ ಜೊತೆಗಿದೆ. 1749ರಲ್ಲಿ ಹವಾನಾ ಬಂದರಿನಲ್ಲಿ ಈಜುತ್ತಿದ್ದ ಬ್ರೂಕ್ ವಾಟ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನ ಬಲಗಾಲನ್ನು ಶಾರ್ಕ್ ಕಚ್ಚಿತು. ಮಂಡಿಯ ಕೆಳಗೆ ಕಾಲು ತೆಗೆಯಬೇಕಾಯಿತು. ಅವನು ಮರದ ಕಾಲಿನಲ್ಲೇ ಬದುಕಿ, 1796ರಲ್ಲಿ ಲಂಡನ್ನಿನ ಲಾರ್ಡ್ ಮೇಯರ್ ಆದ. ಆ ದಾಳಿಯನ್ನು ಜಾನ್ ಸಿಂಗಲ್ಟನ್ ಕೋಪ್ಲಿ 1778ರಲ್ಲಿ ಚಿತ್ರಿಸಿದ. ಅಲ್ಲಿನ ಶಾರ್ಕಿಗೆ ತುಟಿಗಳಿವೆ, ಕಣ್ಣುಗಳು ಹುಲಿಯ ಕಣ್ಣಿನಂತೆ ಮುಂದಕ್ಕೆ ದಿಟ್ಟಿಸುತ್ತವೆ. ನಿಜವಾದ ಶಾರ್ಕ್ ಹಾಗಿರುವುದಿಲ್ಲ. ಆದರೆ ತುಟಿ ಬಂದರೆ ಮಾತು ಬರಲು ಎಷ್ಟು ಹೊತ್ತು?

ಈಗ ನಿಮ್ಮ ಮಗನ ಪ್ರಶ್ನೆಯ ನಡುಭಾಗ: ಆಮೆ, ಆಕ್ಟೋಪಸ್ ಏಕೆ ಬೇಡ? ಆಕ್ಟೋಪಸ್ ಕಡಲ್ಗಳ್ಳರೂ ಇದ್ದಾರೆ, ಆದರೆ ಪಾತ್ರ ರಚಿಸುವವರಿಗೆ ಶಾರ್ಕಿನಷ್ಟು ಸಾಮಗ್ರಿಯನ್ನು ಬೇರೆ ಕಡಲ ಪ್ರಾಣಿ ಕೊಡುವುದಿಲ್ಲ. ನೀರಿನ ಮೇಲೆ ಕಾಣುವ ಮುಕ್ಕೋನದ ರೆಕ್ಕೆ ದೂರದಿಂದ ಹಾಯಿಯಂತೆ ಕಾಣುತ್ತದೆ. ನೆರಳು ನೋಡಿದರೇ ಗುರುತು ಸಿಗುತ್ತದೆ, ಆಟಗಳಲ್ಲಿ ಇದು ದೊಡ್ಡ ಅನುಕೂಲ. ಸುತ್ತಿಗೆ ತಲೆಯ ಶಾರ್ಕಿಗೆ ಹುಟ್ಟಿನಿಂದಲೇ ವಿಕಾರ ಮುಖ. 'ಪೈರೇಟ್ಸ್ ಆಫ್ ದಿ ಕೆರಿಬಿಯನ್' ಸರಣಿಯಲ್ಲಿ 2006ರಲ್ಲಿ ಬಂದ ಎರಡನೆಯ ಚಿತ್ರದ ಮ್ಯಾಕಸ್ ಎಂಬ ನಾವಿಕನಿಗೆ ಅದೇ ತಲೆ.

ಈ ಸಾಮಗ್ರಿಯನ್ನು ಅತ್ಯಂತ ಶ್ರದ್ಧೆಯಿಂದ ಬಳಸಿದವರು, ನನ್ನ ತಿಳಿವಳಿಕೆಯಲ್ಲಿ, 1997ರಲ್ಲಿ 'ವನ್ ಪೀಸ್' ಎಂಬ ಕಾಮಿಕ್ಸ್ ಸರಣಿಯನ್ನು ಆರಂಭಿಸಿದ ಜಪಾನಿನ ಐಚಿರೊ ಓಡಾ. ಅವರ ಆರ್ಲಾಂಗ್ ಗರಗಸ ಮೂಗಿನ ಶಾರ್ಕ್ ಜಾತಿಯ ಮೀನು ಮನುಷ್ಯ, ಕಡಲ್ಗಳ್ಳರ ನಾಯಕ. ಹಳ್ಳಿಗಳ ಮೇಲೆ ತಲೆಗಂದಾಯ ಹಾಕಿ, ದೊಡ್ಡವರಿಗೆ ಒಂದು ಲಕ್ಷ ಬೆರಿ (ಆ ಕಥೆಯ ಹಣ), ಮಕ್ಕಳಿಗೆ ಐವತ್ತು ಸಾವಿರ ಎಂದು ವಸೂಲಿ ಮಾಡುತ್ತಾನೆ. ಜಗಳದಲ್ಲಿ ತನ್ನ ದವಡೆಯ ಹಲ್ಲಿನ ಸಾಲನ್ನೇ ಕಿತ್ತು ಕೈಯಲ್ಲಿ ಹಿಡಿದು ಕಚ್ಚಿಸುತ್ತಾನೆ. ಕಿತ್ತ ಜಾಗದಲ್ಲಿ ಕ್ಷಣದಲ್ಲೇ ಹೊಸ ಹಲ್ಲು. ಇದು ಬರೀ ಕಲ್ಪನೆಯಲ್ಲ. ಶಾರ್ಕಿನ ಬಾಯಲ್ಲಿ ಮುಂಸಾಲಿನ ಹಿಂದೆ ಇನ್ನೂ ಹಲವು ಸಾಲು ಹಲ್ಲುಗಳು ಮಲಗಿರುತ್ತವೆ. ಮುಂದಿನದು ಬಿದ್ದರೆ ಹಿಂದಿನದು ಸರಿದು ಬರುತ್ತದೆ, ಬದುಕಿನುದ್ದಕ್ಕೂ ಸಾವಿರಾರು ಹಲ್ಲು. ಓಡಾ ಆ ನಿಧಾನವನ್ನು ಮಾತ್ರ ತೆಗೆದುಹಾಕಿದ್ದಾರೆ.

ಇನ್ನೂ ಮುಖ್ಯವಾದದ್ದು ಆರ್ಲಾಂಗನ ಹಿನ್ನೆಲೆ. ಆ ಕಥೆಯಲ್ಲಿ ಮೀನು ಮನುಷ್ಯರನ್ನು ಮೇಲಿನವರು ಗುಲಾಮರನ್ನಾಗಿ ಹಿಡಿದು ಬರೆ ಹಾಕಿರುತ್ತಾರೆ. ಫಿಷರ್ ಟೈಗರ್ ಎಂಬವನು ಅವರನ್ನು ಬಿಡಿಸಿ, ಕಡಲ್ಗಳ್ಳರ ತಂಡ ಕಟ್ಟಿ, ಆ ಬರೆಯ ಮೇಲೆ ಸೂರ್ಯನ ಗುರುತು ಒತ್ತುತ್ತಾನೆ. ಅದೇ ತಂಡದಿಂದ ಇಬ್ಬರು ಹೊರಟರು. ಒಬ್ಬ ದ್ವೇಷವನ್ನೇ ಉಳಿಸಿಕೊಂಡ ಆರ್ಲಾಂಗ್. ಇನ್ನೊಬ್ಬ ತಿಮಿಂಗಿಲ ಶಾರ್ಕ್ ಜಾತಿಯ ಜಿಂಬೆ, ಮಾತಿಗೆ ತಪ್ಪದವನು. ಗುಲಾಮರ ಹಡಗಿನ ಹಿಂದೆ ಈಜುತ್ತಿದ್ದ ಶಾರ್ಕನ್ನು ಈ ಕಥೆ ಹಡಗಿನ ಒಳಗೆ, ಸರಪಳಿ ಬಿದ್ದವರ ಪಕ್ಕಕ್ಕೆ ತಂದು ನಿಲ್ಲಿಸಿದೆ. ಮಕ್ಕಳ ಕಥೆ ಎಂದು ಹಗುರವಾಗಿ ನೋಡುವವರು ಈ ಭಾಗವನ್ನು ಒಮ್ಮೆ ಓದಬೇಕು.

ನಮ್ಮಲ್ಲಿ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಅರಾಜಕತೆಗೆ ಮತ್ಸ್ಯನ್ಯಾಯ ಎಂಬ ಹೆಸರಿದೆ. ದಂಡನೀತಿ ಇಲ್ಲದ ಕಡೆ ಇದೇ ನಡೆಯುತ್ತದೆ ಎಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. ದಡದ ಕಾನೂನು ತಲುಪದ ಕಡಲಿನಲ್ಲಿ ಲೂಟಿ ಮಾಡುವವನಿಗೆ ಮೀನಿನ ಮುಖ ಕೊಡುವುದು ನಮ್ಮ ಭಾಷೆಗೆ ಅಪರಿಚಿತವಲ್ಲ. ಸಮುದ್ರಪ್ರಾಣಿಯನ್ನು ಬಾವುಟಕ್ಕೆ ಏರಿಸಿದ್ದೂ ಇದೆ. ಮನ್ಮಥನನ್ನು ಮಕರಧ್ವಜ ಎನ್ನುವುದು ಅವನ ಬಾವುಟದಲ್ಲಿ ಮಕರ ಇರುವುದಕ್ಕೇ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಆನೆ, ಸಿಂಹ, ಬಳ್ಳಿ, ಕುದುರೆಗಳ ಸಾಲು ದಾಟಿ, ರಾಮಾಯಣ ಮಹಾಭಾರತದ ಪಟ್ಟಿಯನ್ನೂ ದಾಟಿ ಕಣ್ಣು ಮೇಲೆತ್ತಿದರೆ ಮಕರಗಳ ಸಾಲು ಸಿಗುತ್ತದೆ. ಸುರುಳಿ ಸೊಂಡಿಲು, ಮೊಸಳೆಯ ದವಡೆ, ನವಿಲುಗರಿಯಂತೆ ಹರಡಿದ ಬಾಲ. ಕಡಲಿನಿಂದ ಇಷ್ಟು ದೂರದ ಈ ಊರಿನಲ್ಲಿ, ಹನ್ನೆರಡನೆಯ ಶತಮಾನದ ಶಿಲ್ಪಿ ತಾನು ಕಂಡ ಪ್ರಾಣಿಗಳ ಅಂಗಾಂಗ ಕೂಡಿಸಿ ಬಳಪದ ಕಲ್ಲಿನಲ್ಲಿ ಕಡಲ ಪ್ರಾಣಿಯನ್ನು ಕಡೆದ. ಆಟದ ಪಾತ್ರ ಬರೆಯುವವರೂ ಇಂದು ಮಾಡುವುದು ಇದನ್ನೇ. ರಜೆಯಲ್ಲಿ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಆ ಸಾಲನ್ನು ಅವನೇ ಹುಡುಕಲಿ.

ನಿಜವಾದ ಶಾರ್ಕ್ ಕಳ್ಳನೇ? ಅಲ್ಲ. ಐನೂರಕ್ಕೂ ಹೆಚ್ಚು ಜಾತಿಗಳಲ್ಲಿ ಮನುಷ್ಯರಿಗೆ ಅಪಾಯ ತರಬಲ್ಲವು ಬೆರಳೆಣಿಕೆಯಷ್ಟು. ಕೆಣಕದೆ ಕಚ್ಚಿದ ಪ್ರಕರಣಗಳು ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 60ರಿಂದ 70. ಮನುಷ್ಯರು ಕೊಲ್ಲುವ ಶಾರ್ಕ್‌ಗಳು ವರ್ಷಕ್ಕೆ ಸುಮಾರು 10 ಕೋಟಿ ಎಂದು 2013ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಎಷ್ಟೋ ಶಾರ್ಕ್‌ಗಳ ರೆಕ್ಕೆ ಮಾತ್ರ ಕತ್ತರಿಸಿಕೊಂಡು, ಉಳಿದ ಮೈಯನ್ನು ಜೀವವಿರುವಾಗಲೇ ನೀರಿಗೆ ಎಸೆಯುತ್ತಾರೆ.

ಪಾತ್ರ ಬದಲಾದರೆ ಪ್ರಾಣಿಯ ಬದುಕೂ ಬದಲಾಗುತ್ತದೆ ಎಂಬುದಕ್ಕೆ ಗುಜರಾತಿನಲ್ಲಿ ಸಾಕ್ಷಿ ಇದೆ. ಜಿಂಬೆಯ ಜಾತಿಯ ತಿಮಿಂಗಿಲ ಶಾರ್ಕ್ ಜಗತ್ತಿನ ಅತಿ ದೊಡ್ಡ ಮೀನು. ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ. ಸೌರಾಷ್ಟ್ರದ ತೀರದಲ್ಲಿ ಅದನ್ನು ಯಕೃತ್ತಿನ ಎಣ್ಣೆಗಾಗಿ, ಮಾಂಸಕ್ಕಾಗಿ ನೂರಾರು ಸಂಖ್ಯೆಯಲ್ಲಿ ಕೊಲ್ಲುತ್ತಿದ್ದರು. 2001ರಲ್ಲಿ ಕೇಂದ್ರ ಸರ್ಕಾರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ರಕ್ಷಣೆ ಕೊಟ್ಟಿತು. ಆದರೆ ದೋಣಿಯಲ್ಲಿ ಇರುವವರ ಮನಸ್ಸಿಗೆ ಕಾಯ್ದೆ ಇಳಿಯಲು ಒಂದು ಕಥೆ ಬೇಕಾಯಿತು. 2004ರಲ್ಲಿ ಆರಂಭವಾದ ಅಭಿಯಾನದಲ್ಲಿ ರಾಮಕಥೆ ಹೇಳುವ ಮೊರಾರಿ ಬಾಪು ಆ ಮೀನನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಹೋಲಿಸಿದರು. ಅದಕ್ಕೆ 'ವ್ಹಾಲಿ' ಎಂಬ ಹೆಸರು ನಿಂತಿತು, ಪ್ರೀತಿಪಾತ್ರಳು ಎಂದು ಅರ್ಥ. ಅಂದಿನಿಂದ ಅಲ್ಲಿನ ಮೀನುಗಾರರು, ವ್ಹಾಲಿ ಬಲೆಗೆ ಬಿದ್ದರೆ, ಬೆಲೆಬಾಳುವ ಬಲೆಯನ್ನು ತಾವೇ ಕತ್ತರಿಸಿ ಅವಳನ್ನು ನೀರಿಗೆ ಬಿಡುತ್ತಿದ್ದಾರೆ.